ಮಲಗಿದ್ದ ಅಂಗಳವನ್ನು ಪಾಳು ಎಂದವರಿಗೆ

ಪುರಸಭೆಯ ಮೂರನೇ ಮಹಡಿಯಲ್ಲಿ ಕುಳಿತ ಜಮೀನು ವಿಭಾಗದ ಮಾನ್ಯ ಮುಖ್ಯಸ್ಥರೇ,

ಡ್ಯಾನ್ಯೂಬ್ ನದಿ ದಂಡೆಯ ನಮ್ಮ ಮಣ್ಣಿನ ಟೆನಿಸ್ ಅಂಗಳವನ್ನು ತಾವು ‘ಬಳಕೆಯಲ್ಲಿಲ್ಲದ ಪಾಳು ಜಾಗ’ ಎಂದು ಬರೆದು, ಜೂನ್ ಒಂದರಿಂದ ಅಲ್ಲಿ ಕಾರು ನಿಲ್ಲಿಸಲು ಆದೇಶ ಹೊರಡಿಸಿದ್ದೀರಿ. ಆ ಪಾಳು ಜಾಗದಲ್ಲಿ ವಾರಕ್ಕೆ ಆರು ಸಂಜೆ ಹದಿನಾಲ್ಕು ಹುಡುಗಿಯರಿಗೆ ಆಟ ಕಲಿಸುವವಳು ನಾನು. ಊರಿನಲ್ಲಿ ಇನ್ನೊಂದು ಅಂಗಳವಿಲ್ಲ.

ತಪ್ಪೆಲ್ಲ ನಿಮ್ಮದೇ ಎಂದರೆ ಅನ್ಯಾಯವಾದೀತು. ನಮ್ಮ ಗ್ರಿಗೋರೆ ಮಾವನ ಪಾಲೂ ಇದೆ. ನಲವತ್ತು ವರ್ಷದಿಂದ ಅಂಗಳಕ್ಕೆ ನೀರು ಹಾಕಿ, ಗುಡಿಸಿ, ರೋಲರ್ ಎಳೆಯುವ ಮನುಷ್ಯ. ಸುಳ್ಳು ಹೇಳಲು ಬರುವುದಿಲ್ಲ. ಫೆಬ್ರವರಿಯಲ್ಲಿ ನಿಮ್ಮ ಗುಮಾಸ್ತರು ಬಂದಾಗ ಬಲೆ ಬಿಚ್ಚಿಟ್ಟಿತ್ತು, ಗೆರೆಗಳು ಎಲೆಕಸದಡಿ ಮುಚ್ಚಿಹೋಗಿದ್ದವು.

“ಏನಜ್ಜಾ, ಇಲ್ಲಿ ಯಾರು ಆಡ್ತಾರೆ?”

“ಈಗಾ? ಯಾರೂ ಇಲ್ಲ ಸ್ವಾಮಿ. ಅಂಗಳ ಮಲಗೈತೆ. ಹೆಪ್ಪುಗಟ್ಟಿದ ಮಣ್ಣು ತುಳಿದ್ರೆ ಕೆಡ್ತದೆ. ಏಪ್ರಿಲ್‌ಗೆ ಏಳ್ತದೆ.”

“ಏಳೋದು ಆಮೇಲಿರ್ಲಿ. ಈಗ ಯಾರೂ ಇಲ್ಲ ತಾನೆ?”

“ಇಲ್ಲ ಅಂದ್ನಲ್ಲ! ಕಿವಿ ಮಂದಾನಾ ನಿಮ್ಗೆ?”

ಗುಮಾಸ್ತರು ‘ಯಾರೂ ಇಲ್ಲ’ ಎಂದು ಬರೆದುಕೊಂಡು ಹೋದರು. ಗುಹೆಯಲ್ಲಿ ಮಲಗಿದ ಕರಡಿ ಸಿಕ್ಕಿದ್ದರೆ ‘ಮೃತ’ ಎಂದು ಬರೆದು ಅದರ ಚರ್ಮವನ್ನೂ ಹರಾಜಿಗೆ ಹಾಕುತ್ತಿದ್ದರೇನೋ.

ಕಳೆದ ವಾರ ನಾನೇ ನಿಮ್ಮ ಕಚೇರಿಗೆ ಬಂದೆ. ತಾವು ಕಿಟಕಿಯತ್ತ ಕೈ ತೋರಿದಿರಿ. “ಇಲ್ಲಿಂದ್ಲೇ ಎಲ್ಲಾ ಕಾಣ್ಸುತ್ತಲ್ಲಮ್ಮಾ. ಬರೀ ಕೆಂಪು ಮಣ್ಣು!” ಆಗ ಬೆಳಗಿನ ಹತ್ತು ಗಂಟೆ. ಹುಡುಗಿಯರು ಶಾಲೆಯಲ್ಲಿದ್ದರು. ಹಿಂದಿನ ಸಂಜೆಯ ಆಟದ ಗುರುತುಗಳನ್ನೆಲ್ಲ ಮಾವ ಎಂದಿನಂತೆ ಗುಡಿಸಿ ನಯ ಮಾಡಿದ್ದ. ಅವನ ಅಚ್ಚುಕಟ್ಟುತನವೇ ನಮಗೆ ಮುಳುವಾಯಿತೇ?

ಈಗ ನನ್ನ ಕಥೆ ಕೇಳಿ. ನಾನು ಹನ್ನೊಂದು ವರ್ಷ ದೇಶದೇಶ ತಿರುಗಿ ಟೆನಿಸ್ ಆಡಿದವಳು. ಎಷ್ಟು ಚೆನ್ನಾಗಿ ಆಡಿದೆ ಎಂಬುದನ್ನು, ಪ್ರತಿ ಸಲ ಮನೆಗೆ ಮರಳಿ ಪೆಟ್ಟಿಗೆ ಬಿಚ್ಚಿದಾಗ ನನ್ನಮ್ಮ ಹೇಳುತ್ತಿದ್ದ ಮಾತಲ್ಲೇ ಕೇಳಬೇಕು: “ಇಷ್ಟು ಬೇಗ ಬಂದ್ಯೇನೇ ಸಾಂದಾ? ಒಗೆಯೋ ಕೆಲ್ಸಾನೇ ಇಲ್ಲ ಬಿಡು, ಬಟ್ಟೆ ಮಡಚಿದ್ದು ಮಡಚಿದಂಗೇ ಐತೆ!”

ಒಂದೇ ಒಂದು ಸಲ, ಇಟಲಿಯ ಒಂದು ಕಡಲೂರಿನಲ್ಲಿ, ದೊಡ್ಡ ಆಟಗಾರ್ತಿಯೊಬ್ಬಳನ್ನು ಸೋಲಿಸುವ ಅಂಚಿಗೆ ಬಂದಿದ್ದೆ. ಕೊನೆಯ ಹೊತ್ತಿನಲ್ಲಿ ನಾನು ಹೊಡೆದ ಚೆಂಡು ಗೆರೆಯ ಬಳಿ ಬಿತ್ತು. ಎತ್ತರದ ಕುರ್ಚಿಯಲ್ಲಿದ್ದ ಅಂಪೈರ್ ಹೆಂಗಸು “ಔಟ್” ಎಂದಳು. “ಇಳಿದು ಬಂದು ನೋಡಿ” ಎಂದೆ. ಮಣ್ಣಿನ ಅಂಗಳದಲ್ಲಿ ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಅನುಮಾನ ಬಂದರೆ ಅಂಪೈರ್ ಇಳಿಯಲೇಬೇಕು. ಪಾಪ, ಭಾರಿ ಮೈ, ಮಂಡಿನೋವು, ಮೇಲೆ ಸುಡುಬಿಸಿಲು. ಆದರೂ ಮೆಟ್ಟಿಲಿಳಿದು ಬಂದು, ಬಗ್ಗಿ, ಗುರುತಿನ ಪಕ್ಕ ಬೆರಳಿಟ್ಟು ತೋರಿಸಿದಳು. ಗುರುತಿಗೂ ಗೆರೆಗೂ ನಡುವೆ ಒಂದು ಬೆರಳಗಲ ಮಣ್ಣಿತ್ತು. ಔಟೇ. ಆಮೇಲೆ ಪಂದ್ಯವೂ ಹೋಯಿತು. ಆದರೆ ಇಪ್ಪತ್ತೆರಡು ವರ್ಷವಾದರೂ ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಆಕೆ ಇಳಿದು ಬಂದಳು.

ನನ್ನ ಬೇಡಿಕೆಯೂ ಅಷ್ಟೇ. ಈ ತಿಂಗಳು ಮುಗಿಯುವುದರೊಳಗೆ ಒಂದು ಸಂಜೆ ಮೂರು ಮಹಡಿ ಇಳಿದು ಬನ್ನಿ. ಏಳು ಗಂಟೆಗೆ ಮಾವ ಗುಡಿಸಿಬಿಡುತ್ತಾನೆ, ಅದಕ್ಕೆ ಮೊದಲೇ ಬನ್ನಿ. ಬಗ್ಗಿ ಮಣ್ಣನ್ನು ನೋಡಿ. ಒಂದೇ ಒಂದು ಗುರುತು ಕಾಣದಿದ್ದರೆ ಗೇಟಿನ ಬೀಗದ ಕೈ ನಾನೇ ಕೊಟ್ಟು ಕೈಕುಲುಕುತ್ತೇನೆ. ಸೋತು ಕೈಕುಲುಕುವುದು ನನಗೆ ಚೆನ್ನಾಗಿ ರೂಢಿಯಿದೆ. ಗುರುತು ಕಂಡರೆ ಆದೇಶವನ್ನು ಅಲ್ಲೇ ಹರಿದುಹಾಕಿ. ಕಸ ಗುಡಿಸಲು ಮಾವ ಇದ್ದಾನೆ.

ಇಂತಿ,
ಗೇಟಿನ ಬಳಿ ಕಾಯುತ್ತಿರುವ,
ಒಂದು ಕಾಲದಲ್ಲಿ ಜಗತ್ತಿನ ಇನ್ನೂರ ಹನ್ನೊಂದನೆಯ ಆಟಗಾರ್ತಿ,
ಸಾಂದಾ ವ್ಲಾಯ್ಕು