ಕಪಾಟಿನ ಹಿಂದಿನ ಕುರ್ಚಿ

ಶಿಕಾರಿಪುರ
೧೪-೩-೧೯೫೮

ಪ್ರೀತಿಯ ಅಕ್ಕ ಜಗದಾಂಬಳಿಗೆ ನಿನ್ನ ತಂಗಿ ನಿರ್ಮಲೆಯ ಶರಣು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಬರೆಯಲು ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಎದ್ದು ಓಡಾಡಿ ಮತ್ತೆ ಕೂರುತ್ತಿದ್ದೆ. ಸೊರಬದಲ್ಲಿ ನೀನು, ಭಾವನವರು, ನನ್ನ ಮಗಳು ವರದೆ ಕ್ಷೇಮವೆಂದು ಓದಿ ಸಮಾಧಾನವಾಯಿತು.

"ಅಡಿಕೆ ಮಂಡಿಯ ಕಚೇರಿಯಲ್ಲಿ ಟೈಪ್ ಮಾಡುವುದು, ಕೂತು ಮಾಡುವ ಕೆಲಸ, ಏನು ಕಷ್ಟ?" ಎಂದು ಕೇಳಿದ್ದೀಯ. ಆ ಕುರ್ಚಿ ಎಲ್ಲಿತ್ತು ಗೊತ್ತೇ ಅಕ್ಕ? ದೊಡ್ಡ ಕಬ್ಬಿಣದ ಕಪಾಟಿನ ಹಿಂದೆ, ಗೋಡೆಗೆ ಮುಖ ಮಾಡಿ. ಗಾಳಿಯಿಲ್ಲ, ಬೆಳಕಿಲ್ಲ, ಮೇಲೆ ಕಾದ ತಗಡು. ಹೆಂಗಸರು ಹೊರಗೆ ಹೋಗಿಬರಲು ಜಾಗವೇ ಇಲ್ಲದ್ದರಿಂದ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಸಂಜೆ ತಲೆ ಸಿಡಿಯುತ್ತಿತ್ತು, ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಕೆಲಸದಲ್ಲಿ ತಪ್ಪು ಬೀಳತೊಡಗಿತು.

ಕಿಟಕಿಯ ಹತ್ತಿರ ಕೂರುತ್ತೇನೆಂದು ಮ್ಯಾನೇಜರ್ ಪರಮಶಿವಪ್ಪನವರನ್ನು ಕೇಳಿದೆ. "ಹೆಣ್ಮಕ್ಕಳು ಕಿಟಕಿ ಹತ್ರ ಕೂತ್ರೆ ಬಂದ ಮಂದಿ ನೋಡ್ತಾರ್ರೀ. ನಿಮ್ಮ ಮರ್ಯಾದಿಗೇ ಅಂತ ಹಂಗೆ ಇಟ್ಟೀವಿ" ಅಂದರು.

ಸೋಮವಾರ ಟೈಪ್ ಮಾಡುತ್ತಿದ್ದ ಹಾಗೆಯೇ ಕಣ್ಣು ಕತ್ತಲಿಟ್ಟು ಬಿದ್ದೆ. ಜವಾನ ಹುಲಿಯಪ್ಪ ನೀರು ಚಿಮುಕಿಸಿದ. ಎದ್ದವಳೇ ಮೇಜನ್ನು ಕಿಟಕಿಯ ಕಡೆ ಎಳೆಯತೊಡಗಿದೆ. ಗುಮಾಸ್ತರು ನೋಡುತ್ತ ಕೂತರು. "ಮಿಷನ್ ಬಿದ್ದೀತು, ತಡೀರಿ ಅಮ್ಮಾರೆ" ಎಂದು ಹುಲಿಯಪ್ಪ ಇನ್ನೊಂದು ತುದಿ ಹಿಡಿದ.

"ಯಾರನ್ನ ಕೇಳಿ ಎಳೀತೀರಿ?" ಪರಮಶಿವಪ್ಪನವರು ಗದರಿದರು.

"ಮರ್ಯಾದಿ ಕಾಯೋಕೆ ಮೊದ್ಲು ಜೀವ ಇರ್ಬೇಕಲ್ರೀ" ಎಂದುಬಿಟ್ಟೆ.

ಕೆಲಸ ಹೋಯಿತೆಂದೇ ತಿಳಿದೆ. ಅವರು ನನ್ನ ಮುಖ ನೋಡಿದರು, ಒದ್ದೆ ನೆಲ ನೋಡಿದರು, ಒಳಗೆ ಹೋದರು. ಮರುದಿನ ಕಿಟಕಿಗೆ ಅರ್ಧ ಪರದೆ ಬಂದಿತ್ತು! ಕಚೇರಿಯ ಹಿಂದಿನ ಮನೆಯ ಲೋಕಮ್ಮನವರ ಹಿತ್ತಲಿಗೆ ನಾನು ಹೋಗಿಬರುವಂತೆ ಪರಮಶಿವಪ್ಪನವರೇ ಮಾತಾಡಿದ್ದಾರೆ.

ಈಗ ಗಾಳಿ ಬರುತ್ತದೆ. ನೀರು ಕುಡಿಯುತ್ತೇನೆ, ಬುತ್ತಿ ರುಚಿಸುತ್ತದೆ. ಹುಲಿಯಪ್ಪನ ತಮಾಷೆಗೆ ನಿನ್ನೆ ನಕ್ಕೆ ಕೂಡ. ಆದರೂ ಜೀವ ಒಂದು ಕಡೆ ನಿಲ್ಲುತ್ತಿಲ್ಲ. ಸೊರಬದ ಬಸ್ಸು ಬಂದರೆ ಟೈಪ್ ಮಾಡುವ ಬೆರಳು ತಡವರಿಸುತ್ತದೆ.

ಭಾವನವರಿಗೆ ಶರಣು. ವರದೆಗೆ ಮುತ್ತು, ನನ್ನ ಆಯುಸ್ಸೂ ಅವಳಿಗಿರಲಿ.

ನಿನ್ನ ತಂಗಿ
ನಿರ್ಮಲೆ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಮೇಲೆ ಬರೆಯಲಾಗಲಿಲ್ಲ. ಸಂಕ್ರಾಂತಿಗೆ ನಾನು ಬಂದಾಗ ವರದೆ ನಿನ್ನನ್ನು "ಅಮ್ಮ" ಅಂದಳು, ನನ್ನನ್ನು "ಚಿಕ್ಕಮ್ಮ" ಅಂದಳು. ನೀನು ಕೇಳಿಸಿಕೊಂಡೆ, ತಿದ್ದಲಿಲ್ಲ. ಅವಳಪ್ಪ ತೀರಿಹೋದ ಮೇಲೆ ಸಾಕಿದವಳು ನೀನು, ದೂರಲು ನನಗೆ ಬಾಯಿಲ್ಲ. ಬರುವ ತಿಂಗಳು ಅವಳನ್ನು ಕರೆದುಕೊಂಡು ಹೋಗಲು ಬರುತ್ತೇನೆ. ಬರುವವಳು ಅವಳಿಗೆ ಏನಾಗಬೇಕು ಎಂದು ಮೊದಲೇ ಹೇಳಿರು.