ಗೋಡೆಯಾಚೆಯ ಸ್ತೋತ್ರ

ಮಾಲೂರು
ಭಾನುವಾರ, ಮಧ್ಯಾಹ್ನ

ತಂಗಿಯಂಥ ಆಶಾರಾಣಿಗೆ,

ನಿನ್ನ ಪಕ್ಕದ ಮನೆಯಲ್ಲಿದ್ದ ರಾಧಕ್ಕ ಬರೆಯುತ್ತಿದ್ದೇನೆ. ಮನೆ ಬಿಟ್ಟು ಹೋಗುವಾಗ ಕ್ಯಾಲೆಂಡರಿನ ಹಾಳೆ ಹರಿದು ಮುಳಬಾಗಿಲಿನ ವಿಳಾಸ ಬರೆದಿಟ್ಟು ಹೋಗಿದ್ದೆಯಲ್ಲ, ಅದು ಐದು ತಿಂಗಳಿಂದ ಫ್ರಿಜ್ಜಿನ ಮೇಲೇ ಇದೆ. ಫೋನ್ ನಂಬರೂ ಇದೆ. ಆದರೆ ನಿನ್ನ ದನಿ ಕೇಳಿದರೆ "ಊಟ ಆಯ್ತಾ" ಎಂದು ವಿಚಾರಿಸಿ ಇಟ್ಟುಬಿಡುವ ಹೆಂಗಸು ನಾನು. ಈ ಮಾತಿಗೆ ಕಾಗದವೇ ಸರಿ.

ಊರ ತುಂಬ ಇಟ್ಟಿಗೆ ಗೂಡುಗಳಿದ್ದರೂ ನಮ್ಮ ಓನರ್ ಕೋದಂಡರಾಮಪ್ಪನವರು ನಮ್ಮಿಬ್ಬರ ಮನೆಗಳ ನಡುವೆ ನಾಲ್ಕಿಂಚಿನ ಗೋಡೆ ಎಬ್ಬಿಸಿದ್ದಾರೆ. ನೀನು ಒಗ್ಗರಣೆ ಹಾಕಿದರೆ ನನಗೆ ಸೀನು. ಬೆಂಗಳೂರಿನ ಆಫೀಸು ಮುಗಿಸಿ, ರೈಲಿನಲ್ಲಿ ನಿಂತೇ ಬಂದು, ನನ್ನೊಬ್ಬಳ ಊಟಕ್ಕೆ ಅಕ್ಕಿ ತೊಳೆಯುವ ಹೊತ್ತಿಗೆ ಸರಿಯಾಗಿ ಆ ಕಡೆ ನಿಮ್ಮ ಪ್ರಾರ್ಥನೆ ಶುರುವಾಗುತ್ತಿತ್ತು. ಮೊದಲು ಒಂದು ಚರ್ಚಿನ ಹಾಡು. ಆಮೇಲೆ ಒಬ್ಬೊಬ್ಬರೂ ಆ ದಿನದ ಒಂದು ಸಂಗತಿ ನೆನೆದು ದೇವರಿಗೆ ಸ್ತೋತ್ರ, ನಮ್ಮ ಕಡೆಯ ಮಾತಿನಲ್ಲಿ ಕೃತಜ್ಞತೆ, ಹೇಳಬೇಕು. ನಿನ್ನೆ ಹೇಳಿದ್ದನ್ನು ಇವತ್ತು ಹೇಳುವಂತಿಲ್ಲ. ಅದು ನಿಮ್ಮ ಮನೆಯ ನಿಯಮವೆಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು.

"ಸೊಪ್ಪಲ್ಲಿ ಮಣ್ಣಿರಲಿಲ್ಲ ಕಣಪ್ಪಾ, ಸ್ತೋತ್ರ" ಎನ್ನುತ್ತಿದ್ದೆ ನೀನು. "ಗೂಡಲ್ಲಿ ಇವತ್ತು ಯಾರೂ ಕೈ ಸುಟ್ಕೊಳ್ಲಿಲ್ಲ, ಸ್ತೋತ್ರ" ಎನ್ನುತ್ತಿದ್ದ ನಿನ್ನ ಗಂಡ ಕಾಂತರಾಜ್. ನಿನ್ನ ಮಗಳು ದಿವ್ಯ ಒಂದು ದಿನ "ಮ್ಯಾತ್ಸ್ ಮಿಸ್ ರಜಾ ಹಾಕಿದ್ರು, ಸ್ತೋತ್ರ" ಎಂದಾಗ ನೀನು ಬೈಯಲು ಹೋಗಿ ನಕ್ಕೆ. ಒಲೆಯ ಮುಂದೆ ನಾನೂ ನಕ್ಕೆ. ಇಷ್ಟಕ್ಕೆಲ್ಲ ದೇವರನ್ನು ಕರೆಯುತ್ತಾರಲ್ಲ, ಆತನಿಗೆ ಬೇರೆ ಕೆಲಸವಿಲ್ಲವೇ ಎಂದು ಮೊದಲೆಲ್ಲ ಗೇಲಿ ಮಾಡಿಕೊಳ್ಳುತ್ತಿದ್ದೆ. ಆಮೇಲೆ ಯಾವಾಗಲೋ, ರೈಲಿನಲ್ಲಿ ನಿಂತಾಗ, ನನ್ನ ಸರದಿ ಬಂದರೆ ಇವತ್ತು ಏನು ಹೇಳಲಿ ಎಂದು ಹುಡುಕತೊಡಗಿದೆ. ದೇವನಗೊಂದಿ ಸ್ಟೇಷನ್ ದಾಟಿದ ಮೇಲೆ ಸಿಕ್ಕ ಕಿಟಕಿಯ ಸೀಟು. ಹೂವಿನವಳು ಕೇಳದೆಯೇ ಹಾಕಿದ ಎರಡು ಗುಲಾಬಿ. ಐವತ್ತಮೂರು ವರ್ಷ ನನ್ನ ದೇವರ ಮುಂದೆ ಅರ್ಜಿ ಹಿಡಿದೇ ನಿಂತವಳು ನಾನು. ಕೊಟ್ಟದ್ದು ತಲುಪಿತು ಎಂದು ತಿರುಗಿ ಹೇಳಿದವಳಲ್ಲ. ನಿನ್ನ ದೇವರ ವಿಷಯ ನೀನು ನನಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಅಂದೇ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನನ್ನನ್ನು ಸೆಳೆದದ್ದು ನಿಮ್ಮ ಮೂವರ ನಗು.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಫೆಬ್ರವರಿಯಲ್ಲಿ ಶ್ರೀನಿವಾಸಪುರದ ನನ್ನ ತಮ್ಮ ವೇಣುಗೋಪಾಲ್ ಮಗಳ ನಿಶ್ಚಿತಾರ್ಥ ಮಾಡಿದ. ನನಗೆ ಗೊತ್ತಾದದ್ದು ವಾಟ್ಸಾಪಿನಲ್ಲಿ ಫೋಟೋ ಬಂದಾಗ. ಗಂಡ ಸತ್ತ ಅತ್ತೆ ಶುಭಕಾರ್ಯಕ್ಕೆ ಯಾಕೆ ಎಂದು ಯಾರೋ ಅಂದರಂತೆ. ಅಂದು ಸಂಜೆ ಅಕ್ಕಿ ತೊಳೆಯುತ್ತಿದ್ದೆ. ಆ ಕಡೆ ಕಾಂತರಾಜನ ದನಿ ಕೇಳಿಸಿತು: "ಗೂಡು ಮುಚ್ಚಿಬಿಟ್ರು ಕಣಪ್ಪಾ. ನಾಳೆಯಿಂದ ಕೆಲಸ ಇಲ್ಲ." ನಾನು ನಲ್ಲಿ ನಿಲ್ಲಿಸಿದೆ. ಆಮೇಲೆ ಅವನೇ ಅಂದ: "ನಾಳೆ ಮಗಳನ್ನ ಸ್ಕೂಲಿಗೆ ನಾನೇ ಬಿಡಬಹುದು. ಅದಕ್ಕೆ ಸ್ತೋತ್ರ." ನೀವು ಮೂವರೂ ನಕ್ಕಿರಿ. ನಿನ್ನ ನಗುವಿನಲ್ಲಿ ಅಳುವೂ ಇತ್ತು, ಈಗ ತಿಳಿಯುತ್ತದೆ. ಅಂದು ನನಗೆ ಕೇಳಿಸಿದ್ದು ನಗು ಮಾತ್ರ. ಕೆಲಸ ಹೋದ ದಿನವೂ ನಗುತ್ತಾರಲ್ಲ ಎಂದು ಹೊಟ್ಟೆ ಉರಿದುಹೋಯಿತು.

ಬೆಳಿಗ್ಗೆ ಕೋದಂಡರಾಮಪ್ಪನವರ ಮನೆಗೆ ಹೋದೆ. "ಪಕ್ಕದವರು ಹೊರಗಿನ ಜನಾನ ಸೇರಿಸಿ ಪ್ರಾರ್ಥನೆ ಮಾಡಿಸ್ತಾರೆ. ನಾಳೆ ಏನಾದ್ರೂ ಗಲಾಟೆ ಆದ್ರೆ ನಿಮ್ಮ ತಲೆಗೇ ಬರೋದು" ಎಂದೆ. ಅವರು "ಏಮಮ್ಮಾ, ನಿಜಾನಾ? ನೀನೇ ನೋಡಿದ್ಯಾ?" ಎಂದು ಕೇಳಿದರು. "ನೋಡಿದೀನಿ" ಎಂದೆ. ಆಶಾ, ಆ ಮನೆಯಲ್ಲಿ ನಿಮ್ಮ ಮೂವರದಲ್ಲದೆ ನಾಲ್ಕನೆಯ ದನಿಯನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ನಾಲ್ಕನೆಯವಳು ಯಾರಾದರೂ ಇದ್ದರೆ ಅದು ಗೋಡೆಯ ಈ ಕಡೆ ನಿಂತಿದ್ದ ನಾನೇ. ಅವರು ಕೆಟ್ಟವರಲ್ಲ, ಹೆದರುವ ಮನುಷ್ಯ. ಒಂದು ತಿಂಗಳಲ್ಲಿ ಮನೆ ಬಿಡಿ ಎಂದುಬಿಟ್ಟರು. ನೀನು ಬಂದು "ಯಾಕಕ್ಕಾ, ನಾವೇನು ಮಾಡಿದ್ವಿ?" ಎಂದು ನನ್ನನ್ನೇ ಕೇಳಿದೆ. ಅವರ ಮಗನಿಗೆ ಮನೆ ಬೇಕಂತೆ ಎಂದು ಇನ್ನೊಂದು ಸುಳ್ಳು ಸೇರಿಸಿದೆ.

ಕೊನೆಯ ಸಂಜೆ ಸಾಮಾನೆಲ್ಲ ಟೆಂಪೋಗೆ ಏರಿತ್ತು. ಖಾಲಿ ಮನೆಯಲ್ಲಿ ನಿಮ್ಮ ದನಿ ಎಂದಿಗಿಂತ ದೊಡ್ಡದಾಗಿ ಕೇಳಿಸುತ್ತಿತ್ತು. ನೀನಂದೆ: "ಪಕ್ಕದ ಮನೆ ರಾಧಕ್ಕನಿಗೋಸ್ಕರ ಸ್ತೋತ್ರ ಕಣಪ್ಪಾ. ಗೋಡೆ ಆ ಕಡೆ ಅವರಿದಾರೆ ಅಂತ ನಮಗೊಂದು ಧೈರ್ಯ ಇತ್ತು." ನಾನು ಅಡಿಗೆಮನೆಯ ದೀಪ ಆರಿಸಿಬಿಟ್ಟೆ. ಹೊರಗೆ ಬಂದು ನಿಮ್ಮನ್ನು ಕಳಿಸಿಕೊಡಲೂ ಇಲ್ಲ. "ಅಕ್ಕನಿಗೆ ತಲೆನೋವಿರಬೇಕು" ಎಂದು ಗಂಡನಿಗೆ ಹೇಳುತ್ತ ನೀನು ವಿಳಾಸದ ಹಾಳೆಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋದೆ.

ಆ ಮನೆಗೆ ಇನ್ನೂ ಯಾರೂ ಬಂದಿಲ್ಲ. ಈಗಲೂ ಆ ಹೊತ್ತಿಗೆ ನಲ್ಲಿ ನಿಲ್ಲಿಸಿ ಸುಮ್ಮನೆ ನಿಲ್ಲುತ್ತೇನೆ. ಎಂಥ ನಿಶ್ಶಬ್ದ ಅಂತೀಯ. ಒಂದೆರಡು ಸಲ ನನ್ನ ದೇವರ ಫೋಟೋದ ಮುಂದೆ ನಿಂತು ನಿಮ್ಮ ಹಾಗೆ ಏನಾದರೂ ನೆನೆಯೋಣ ಎಂದು ನೋಡಿದೆ. ಮೊದಲು ಬಾಯಿಗೆ ಬರುವುದೇ ನೀವು ಮೂವರು. ನಾನೇ ಓಡಿಸಿದವರಿಗಾಗಿ ಯಾವ ಮುಖ ಇಟ್ಟುಕೊಂಡು ಕೈಮುಗಿಯಲಿ?

ನನ್ನನ್ನು ಕ್ಷಮಿಸು. ನೀನು ಕ್ಷಮಿಸುವವಳೆಂದು ಗೊತ್ತಿದ್ದೇ ಐದು ತಿಂಗಳು ಹೆದರಿದೆ. ಅಂದು ನನ್ನ ಹೆಸರಿಗೆ ನೀನು ಹೇಳಿದ ಸ್ತೋತ್ರ ಏನೂ ಗೊತ್ತಿಲ್ಲದೆ ಹೇಳಿದ್ದು. ಅದನ್ನು ನಾನು ಇಟ್ಟುಕೊಳ್ಳಲಾರೆ, ಹಿಂದಕ್ಕೆ ತೆಗೆದುಕೋ. ಈ ಕಾಗದವನ್ನು ಕಾಂತರಾಜನಿಗೂ ಓದಿ ಹೇಳು. ಎಲ್ಲ ಗೊತ್ತಿದ್ದೂ ಎಂದಾದರೂ ನಿನ್ನ ಸರದಿಯಲ್ಲಿ ನನ್ನ ಹೆಸರು ನಾಲಿಗೆಗೆ ಬಂದರೆ ಹೇಳು. ಬಾರದಿದ್ದರೆ ಬಿಡು, ನನಗೆ ಬೇಸರವಿಲ್ಲ.

ದಿವ್ಯಳಿಗೆ ಆಯಸ್ಸು ಹೆಚ್ಚಲಿ. ಮೂವರೂ ನಗುನಗುತ್ತಿರಿ. ಈ ಸಲ ನಿಮ್ಮ ಪಕ್ಕದ ಮನೆಯಲ್ಲಿ ಒಳ್ಳೆಯವರಿರಲಿ.

ರಾಧಾ