ತಂಗಿಗೆ ಅಬರ್ಡೀನ್‌ನಲ್ಲೂ ಮತ, ಊರಲ್ಲೂ ಮತ, ನನಗೆ ಎಲ್ಲಿ?

ನಮ್ಮ ತಾಲ್ಲೂಕಿನ ಮತದಾರರ ಪಟ್ಟಿಯ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ತಾವು ನನ್ನ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆದುಹಾಕಿದ್ದೀರಿ, ನನ್ನ ತಂಗಿಯ ಹೆಸರನ್ನು ಉಳಿಸಿಕೊಂಡಿದ್ದೀರಿ. ನಾನಿರುವುದು ಸಿಂಗಾಪುರದಲ್ಲಿ, ಅವಳಿರುವುದು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ನಕಾಶೆ ಹರಡಿ ನೋಡಿದರೆ ನಮ್ಮೂರಿಗೆ ಹತ್ತಿರದವಳು ನಾನೇ. ವಿಷಯ ಇಷ್ಟೇ ಆಗಿದ್ದರೆ ಒಂದು ಅರ್ಜಿ ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಕಳೆದ ವರ್ಷ, 2007ರ ಮೇ ತಿಂಗಳಲ್ಲಿ, ಸ್ಕಾಟ್ಲೆಂಡಿನ ಸಂಸತ್ತಿಗೆ ನಡೆದ ಚುನಾವಣೆಯಲ್ಲಿ ಇದೇ ತಂಗಿ ಒಂದಲ್ಲ, ಎರಡು ಮತ ಚಲಾಯಿಸಿದ್ದಾಳೆ. ಇದನ್ನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೀಯಾ ಎಂದು ಮನೆಯವರು ಕೇಳಿದರು. ಹೌದು ಎಂದೆ. ತಮಗೂ ಅದನ್ನೇ ಹೇಳುತ್ತೇನೆ. ಹೊಟ್ಟೆಕಿಚ್ಚು ಪಡಬಾರದೆಂದು ಯಾವ ಕಾಯಿದೆಯ ಯಾವ ಕಲಮಿನಲ್ಲೂ ಬರೆದಿರಲಾರದು.

ನನ್ನ ತಂಗಿ ಭಾಗ್ಯಶ್ರೀ ಎಂಥ ಮತದಾರಳು ಎಂಬುದು ತಮಗೆ ತಿಳಿದಿರಲಿ. ನಮ್ಮ ಮನೆಯಲ್ಲಿ ಅಪ್ಪ ಇರುವವರೆಗೂ ಊಟಕ್ಕೆ ಕುಳಿತರೆ ಚುನಾವಣೆಯದೇ ಮಾತು. ನಾನು ಬಾಯಿ ಹಾಕುತ್ತಿದ್ದೆ, ಅವಳು ಆಕಳಿಸುತ್ತಿದ್ದಳು. ಅವಳು ಮೊದಲ ಸಲ ಮತ ಹಾಕಲು ಹೋದ ದಿನ ಶಾಲೆಯ ಗೇಟಿನಲ್ಲಿ ನನ್ನ ಸೆರಗು ಹಿಡಿದು ಎಳೆದು, "ಅಕ್ಕಾ, ಯಾವ ಗುರ್ತಿಗೆ ಶಿಕ್ಕಾ ಹೊಡೀಲಿ, ಲಗೂನ ಹೇಳು," ಎಂದು ಕೇಳಿದ್ದಳು. ಇಬ್ಬರೂ ಮದುವೆಯಾಗಿ ನೇರ ಹೊರದೇಶಕ್ಕೆ ಹೋದದ್ದರಿಂದ ನಮ್ಮ ಹೆಸರುಗಳು ತವರಿನ ವಿಳಾಸದಲ್ಲೇ ಉಳಿದವು. ನಾನು ಗಂಡ ಶಿವಪ್ರಸಾದರ ಜೊತೆ ಸಿಂಗಾಪುರಕ್ಕೆ ಬಂದೆ. ಅವಳ ಗಂಡನಿಗೆ ಸಮುದ್ರದಲ್ಲಿ ಎಣ್ಣೆ ತೆಗೆಯುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಅವರು ಅಬರ್ಡೀನ್‌ಗೆ ಹೋದರು.

ಅಲ್ಲಿಗೆ ಹೋದ ಮರುವರ್ಷ ಒಂದು ಭಾನುವಾರ ಅವಳ ಫೋನು ಬಂತು. "ಅಕ್ಕಾ, ಇಲ್ಲಿ ನಮಗೂ ವೋಟು ಅದ ಅಂತ. ಏನೋ ತಪ್ಪಾಗಿರಬೇಕು ಅಂತ ಎಲೆಕ್ಷನ್ ಆಫೀಸಿಗೆ ಫೋನ್ ಹಚ್ಚಿ ಕೇಳಿದೆ. ನಾನು ಇಂಡಿಯಾದಾಕಿರೀ ಅಂದೆ. ಇಂಡಿಯಾ ಕಾಮನ್‌ವೆಲ್ತ್ ದೇಶ, ನೀವು ಈ ಊರಾಗ ಇರ್ತೀರಿ, ಅಷ್ಟು ಸಾಕು ಅಂದ್ಲು ಅಲ್ಲಿದ್ದಾಕಿ."

ಅಷ್ಟು ಸಾಕು. ಮಾನ್ಯರೇ, ಈ ಎರಡು ಪದಗಳನ್ನು ಸರಕಾರಿ ಕಚೇರಿಯೊಂದು ನನಗೆ ಈವರೆಗೆ ಹೇಳಿಲ್ಲ. ಸಿಂಗಾಪುರವೂ ಕಾಮನ್‌ವೆಲ್ತ್ ದೇಶವೇ. ನಾನು ಇಲ್ಲಿ ಕಾಯಂ ನಿವಾಸಿ, ಇಲ್ಲಿಯವರ ಮಾತಿನಲ್ಲಿ ಪಿ.ಆರ್., ಆದರೆ ಇಲ್ಲಿನ ನಾಗರಿಕಳಲ್ಲ, ನನ್ನದು ಇಂದಿಗೂ ಭಾರತದ ಪಾಸ್‌ಪೋರ್ಟು. 2006ರಲ್ಲಿ ಇಲ್ಲಿ ಚುನಾವಣೆ ನಡೆದಾಗ ವುಡ್‌ಲ್ಯಾಂಡ್ಸ್‌ನ ನಮ್ಮ ಬ್ಲಾಕಿಗೆ ಅಭ್ಯರ್ಥಿಯೊಬ್ಬರು ಬಂದಿದ್ದರು. ಬಾಗಿಲು ತೆರೆದೆ. ಕೈ ಕುಲುಕಿದರು. ಮತದಾರರೇ ಎಂದು ಕೇಳಿದರು. ಅಲ್ಲ, ಪಿ.ಆರ್. ಎಂದೆ. ನಗುವನ್ನು ಹಾಗೇ ಉಳಿಸಿಕೊಂಡು ಪಕ್ಕದ ಬಾಗಿಲಿಗೆ ನಡೆದರು. ಅದರಲ್ಲಿ ಅವರ ತಪ್ಪಿಲ್ಲ. ಇಲ್ಲಿನ ಕಾನೂನು ಇಲ್ಲಿಯವರದು, ಅತಿಥಿಯಾಗಿ ಬಂದವಳು ಅಡುಗೆಮನೆಗೆ ನುಗ್ಗಬಾರದೆಂಬ ತಿಳಿವಳಿಕೆ ನನಗಿದೆ. ಅಂಥ ಅಡುಗೆಮನೆಯೊಂದಕ್ಕೆ ತಂಗಿಯನ್ನು ಅವರೇ ಕರೆದು ಸೌಟು ಕೈಗೆ ಕೊಟ್ಟಿದ್ದಾರೆ ಎಂದು ಕೇಳಿದಾಗ ಮಾತ್ರ ಅತಿಥಿ ಎಷ್ಟು ಹೊತ್ತು ನಗುತ್ತ ಕೂರಬೇಕು ಹೇಳಿ.

2007ರ ಚುನಾವಣೆಗೆ ಮುಂಚಿನ ಚಳಿಗಾಲದಿಂದ ವಸಂತದವರೆಗೆ ಭಾಗ್ಯಶ್ರೀಯ ಬಾಗಿಲಿಗೆ ಅಭ್ಯರ್ಥಿಗಳು ಬಂದರು. ಬಂದವರ ವರದಿ ಪ್ರತಿ ಭಾನುವಾರ ನನಗೆ ಬರುತ್ತಿತ್ತು. ಪದ್ಧತಿಯನ್ನೂ ಅವಳೇ ವಿವರಿಸಿದಳು: ಒಂದು ಮತ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಇಡೀ ಪ್ರಾಂತ್ಯಕ್ಕಾಗಿ ಪಕ್ಷವೊಂದಕ್ಕೆ. ಯಾರಿಗೆ ಹಾಕಲಿ ಎಂದು ಹಳೆಯ ರೂಢಿಯಂತೆ ನನ್ನನ್ನೇ ಕೇಳಿದಳು. ನಾನು ಸಿದ್ಧಳಿದ್ದೆ. ಜುರಾಂಗ್ ಈಸ್ಟ್‌ನ ನನ್ನ ಆಫೀಸಿನಲ್ಲಿ ಎಲ್ಲ ಪಕ್ಷಗಳ ಪ್ರಣಾಳಿಕೆಗಳನ್ನು ಪ್ರಿಂಟ್ ತೆಗೆದು, ಹೋಗುವಾಗ ಬರುವಾಗ ಎಂ.ಆರ್.ಟಿ. ರೈಲಿನಲ್ಲಿ ಓದತೊಡಗಿದೆ. ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೇ, ಜೊತೆಗೇ ಇರಬೇಕೇ ಎಂಬುದು ಅಲ್ಲಿನ ದೊಡ್ಡ ಪ್ರಶ್ನೆ. ಬೆಂಗಳೂರು ನಮ್ಮನ್ನು ಕೇಳುವುದಿಲ್ಲ, ನಮಗೆ ಬೇರೆ ರಾಜ್ಯವೇ ಬೇಕು ಎಂಬ ಮಾತು ಕೇಳುತ್ತ ಬೆಳೆದ ನನಗೆ ಅದರ ಎರಡೂ ಕಡೆಯ ವಾದಗಳು ಪರಿಚಿತವೇ. ನನ್ನ ಮಗಳು ಅನಘಾ ಊಟದ ಮೇಜಿನ ಮೇಲಿದ್ದ ಹಾಳೆಗಳನ್ನು ಸರಿಸುತ್ತ, "ಅಮ್ಮಾ, ಇದು ನಮ್ಮ ಎಲೆಕ್ಷನ್ನೇ ಅಲ್ಲ ಲಾ," ಎಂದಳು, ಸಿಂಗಾಪುರದ ಧಾಟಿಯಲ್ಲಿ. ಅವಳ ಅಪ್ಪ ತಲೆಯೆತ್ತದೆ ಹೇಳಿದರು: "ಬಿಡು ಅನಘಾ. ಅಮ್ಮನಿಗೆ ಎಲೆಕ್ಷನ್ ಅಂದ್ರೆ ಸಾಕು, ಯಾರದಾದ್ರೂ ಆಗಬಹುದು."

ಏಪ್ರಿಲ್ ಮೊದಲ ಭಾನುವಾರ ನನ್ನ ತೀರ್ಪನ್ನು ತಂಗಿಗೆ ತಿಳಿಸಿದೆ. ಯಾವ ಪಕ್ಷವೆಂದು ಇಲ್ಲಿ ಬರೆಯುವುದಿಲ್ಲ. ಅವಳು ಕೊನೆಯವರೆಗೂ ಕೇಳಿಸಿಕೊಂಡು, "ಬಸ್ಸಿನ ಬಗ್ಗೆ ಅವರು ಏನಂತಾರ?" ಎಂದು ಕೇಳಿದಳು.

ಅವಳಾಗ ಬಸುರಿ. ಗಂಡ ವಾರಗಟ್ಟಲೆ ಸಮುದ್ರದ ಮೇಲಿರುತ್ತಿದ್ದ. ಅವರ ಬಡಾವಣೆಯಿಂದ ಆಸ್ಪತ್ರೆಯ ಕಡೆಗೆ ಹೋಗುತ್ತಿದ್ದ ಸಂಜೆಯ ಬಸ್ಸು ನಿಂತುಹೋಗಿತ್ತು. ಬಾಗಿಲಿಗೆ ಬಂದ ಪ್ರತಿಯೊಬ್ಬ ಅಭ್ಯರ್ಥಿಗೂ ಅವಳು ಅದೊಂದನ್ನೇ ಕೇಳಿದ್ದಳು. ಒಬ್ಬರು ಕರಪತ್ರ ಕೊಟ್ಟು ಹೋದರು. ಒಬ್ಬರು ವಿಚಾರಿಸುತ್ತೇನೆಂದು ಹೋದವರು ತಿರುಗಿ ಬರಲಿಲ್ಲ. ಮೊಣಕಾಲು ನೋವಿನ ವಯಸ್ಸಾದ ಹೆಂಗಸೊಬ್ಬರು ಮಾತ್ರ ಎರಡನೆಯ ಸಲ ಮೆಟ್ಟಿಲು ಹತ್ತಿ ಬಂದು, ಬಸ್ ಕಂಪನಿಯವರ ಜೊತೆ ಮಾತಾಡಿದ್ದೇನೆ, ಅವರು ಒಪ್ಪುತ್ತಿಲ್ಲ, ನಾನು ಬಿಟ್ಟಿಲ್ಲ ಎಂದು ಹೇಳಿ ಹೋಗಿದ್ದರು. ಅವರದು ನಾನು ಆರಿಸಿದ ಪಕ್ಷವಲ್ಲ.

"ಒಂದು ದೇಶದ ಹಣೆಬರಹ ಬರಿಯೂ ಹೊತ್ತಿನಾಗ ಬಸ್ಸು ಅಂತೀಯಲ್ಲ ಭಾಗ್ಯಾ," ಎಂದೆ. ನನ್ನ ದನಿ ಜೋರಾಗಿತ್ತು.

"ನೀನು ಈ ಹೊಟ್ಟಿ ಹೊತ್ಕೊಂಡು ಈ ಗಾಳ್ಯಾಗ ಆ ಸ್ಟಾಪಿನಾಗ ನಿಂತು ನೋಡು. ಆಮ್ಯಾಲೆ ದೇಶದ ಮಾತಾಡು," ಎಂದಳು. ಕೂಡಲೇ ಸೇರಿಸಿದಳು: "ವೋಟು ನಂದ ಅದ, ಅಕ್ಕಾ."

ಸೆರಗು ಹಿಡಿದು ಎಳೆದವಳ ಬಾಯಲ್ಲಿ ಈ ಮಾತು. ನಾನು ಫೋನ್ ಇಟ್ಟೆ. ಮುಂದಿನ ಭಾನುವಾರಗಳಲ್ಲಿ ಅವಳು ಮಾಡಲಿಲ್ಲ, ನಾನೂ ಮಾಡಲಿಲ್ಲ. ಪ್ರಣಾಳಿಕೆಗಳನ್ನು ಹಳೆ ಪೇಪರಿನ ಜೊತೆ ಹಾಕಿದೆ. ನನ್ನನ್ನು ಕೊರೆದದ್ದು ಅವಳ ಒರಟುತನವಲ್ಲ, ಅವಳು ಹೇಳಿದ್ದು ಸರಿಯಾಗಿತ್ತು ಎಂಬುದು. ಮತವಿದ್ದವರಿಗೆ ಬಸ್ಸಿನ ಬಗ್ಗೆ ಯೋಚಿಸುವ ಹಕ್ಕಿದೆ. ಇಲ್ಲದವರಿಗೆ ಉಳಿಯುವುದು ಬರೀ ದೇಶದ ಹಣೆಬರಹ, ಅದನ್ನು ಯಾರು ಬೇಕಾದರೂ ಎಂ.ಆರ್.ಟಿ.ಯಲ್ಲಿ ಕೂತು ಓದಬಹುದು.

ಮತದಾನ ಮುಗಿದ ಮರುದಿನ ನಾನು ಆಫೀಸಿನಿಂದ ಮನೆಗೆ ಬರುತ್ತಿದ್ದಾಗ ಅವಳ ಫೋನು ಬಂತು. ರೈಲಿನಲ್ಲಿ ನಿಂತೇ ಇದ್ದೆ, ಸುತ್ತ ಜನ.

"ಹಾಕಿ ಬಂದೆ ಅಕ್ಕಾ," ಎಂದಳು. "ಒಂದು ಬಸ್ಸಿನ ಆಂಟಿಗೆ. ಎರಡನೇದು ನೀ ಹೇಳಿದ್ದಕ್ಕ."

"ನಾ ಹೇಳಿದ್ದಕ್ಕ?"

"ಹೌದು. ಒಂದು ನಂದು, ಒಂದು ನಿಂದು. ನನಗ ಎರಡು ಇದ್ದವಲ್ಲ."

ಮಾನ್ಯರೇ, ನಾನು ರೈಲಿನ ಬಾಗಿಲಿನ ಕಡೆ ಮುಖ ಮಾಡಿ ನಿಂತು ಅತ್ತೆ. ಪ್ರೀತಿಗೆ ಅತ್ತೆ, ಅವಮಾನಕ್ಕೂ ಅತ್ತೆ. ತನ್ನ ಪಾಲಿನದರಲ್ಲಿ ಒಂದನ್ನು ಅಕ್ಕನಿಗೆ ಕೊಡುವಷ್ಟು ಸ್ಥಿತಿವಂತಳಾಗಿದ್ದಾಳೆ ತಂಗಿ. ಬಂಗಾರ ಕೊಟ್ಟಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅಲ್ಲಿ ಮೊದಲೆರಡು ಪಕ್ಷಗಳ ನಡುವೆ ಒಂದೇ ಸ್ಥಾನದ ಅಂತರವಾಯಿತು. ಸಾವಿರಾರು ಜನ ಮತಪತ್ರ ಅರ್ಥವಾಗದೆ ತಪ್ಪು ಗುರುತು ಹಾಕಿ, ಅವರ ಮತಗಳು ಅಸಿಂಧುವಾದವು. ಆ ಸುದ್ದಿ ಓದುವಾಗ ನನಗಾದ ಹೊಟ್ಟೆಯುರಿಯನ್ನು ತಮಗೆ ಹೇಗೆ ತಿಳಿಸಲಿ? ಹಾಳು ಮಾಡಿಕೊಳ್ಳುವುದಕ್ಕಾದರೂ ಅವರಿಗೊಂದು ಮತವಿತ್ತು. ಬಸ್ಸಿನ ಆಂಟಿ ಸೋತರು, ಬಸ್ಸು ಮರಳಿ ಬರಲಿಲ್ಲ. ತಂಗಿಗೆ ಗಂಡುಮಗುವಾಯಿತು.

ಆಗಲೇ ನಿಶ್ಚಯಿಸಿದೆ. ನಮ್ಮ ವಿಧಾನಸಭೆಗೆ ಚುನಾವಣೆ ಬಂದಾಗ ಊರಿಗೆ ಹೋಗಿ ನನ್ನ ಮತವನ್ನು ನಾನೇ ಹಾಕುತ್ತೇನೆ ಎಂದು. ಈ ಮೇ ತಿಂಗಳಲ್ಲಿ ರಜೆ ತೆಗೆದುಕೊಂಡೆ. ಮದುವೆಯೇ, ಕಾಯಿಲೆಯೇ ಎಂದು ಕೇಳಿದ ಸಹೋದ್ಯೋಗಿಗೆ ಮತ ಹಾಕಲು ಎಂದೆ. ತಾನಿರುವ ಜುರಾಂಗ್ ಕ್ಷೇತ್ರದಲ್ಲಿ ಎದುರಾಳಿಯೇ ಇಲ್ಲದೆ ಮತದಾನ ನಡೆಯದ ಕಥೆ ಹೇಳಿ, ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು.

ಊರಿಗೆ ಹೋಗಿ ನಾಲ್ಕು ದಿನ ಅಭ್ಯರ್ಥಿಗಳನ್ನು ತೂಗಿ ನೋಡಿದೆ. ಅವ್ವ ಅನ್ನಪೂರ್ಣವ್ವ ನನ್ನ ತಮ್ಮನ ಸಂಸಾರದ ಜೊತೆ ಇರುತ್ತಾಳೆ. ಯಾರಿಗೆ ಹಾಕುತ್ತೀ ಎಂದು ಕೇಳಿದರೆ, "ನಳ ಯಾರು ಬಿಡ್ತಾರೋ ಅವರಿಗೆ," ಎಂದಳು. ಈ ಸಲ ನಾನು ದೇಶದ ಹಣೆಬರಹ ಎತ್ತಲಿಲ್ಲ. ನಳದ ನೀರಿನ ಬಗ್ಗೆ ಯಾರು ಏನು ಹೇಳಿದ್ದಾರೆಂದು ವಿಚಾರಿಸಿ ಮನಸ್ಸು ಗಟ್ಟಿ ಮಾಡಿಕೊಂಡೆ.

ಮತದಾನದ ದಿನ ಅವ್ವನ ಜೊತೆ ಶಾಲೆಗೆ ಹೋದೆ. ಹೊರಗೆ ಪಕ್ಷದವರ ಮೇಜಿನಲ್ಲಿ ಪಟ್ಟಿ ಹಿಡಿದು ಕೂತಿದ್ದವರು ನಮ್ಮ ಓಣಿಯ ಸಂಗನಬಸಪ್ಪ ಕಾಕಾ. ಬೆರಳಿಟ್ಟು ಹುಡುಕಿದರು. ಅವ್ವ, ತಮ್ಮ, ತಮ್ಮನ ಹೆಂಡತಿ, ಭಾಗ್ಯಶ್ರೀ.

"ನಿನ್ನ ಹೆಸರು ಹೊಡದಾರ ನೋಡವಾ ಸುರೇಖಾ," ಎಂದರು. "ಭಾಗ್ಯಾಂದು ಅದ."

"ಆಕಿ ಇನ್ನೂ ದೂರ ಅದಾಳ ಕಾಕಾ."

"ಇದ್ದರ ಇರಲಿ ಬಿಡು." ಕಾಕಾ ದನಿ ತಗ್ಗಿಸಿದರು. "ಫೋಟೋ ನೋಡು. ಹತ್ತು ವರ್ಷದ ಹಿಂದಿಂದು, ಇಬ್ಬರೂ ಒಂದ ಅಚ್ಚು. ಆಕಿ ಹೆಸರಿನ ಮ್ಯಾಲೆ ಹಾಕಿ ಬಂದುಬಿಡು. ಯಾರು ಕೇಳ್ತಾರ? ಅಷ್ಟು ದೂರದಿಂದ ಬಂದೀಯವ್ವ."

ಅವರು ಕೆಟ್ಟ ಮನುಷ್ಯರಲ್ಲ. ನನ್ನ ಮುಖ ನೋಡಿ ಮರುಕಪಟ್ಟರು. ಚೀಟಿ ಬರೆದು ಕೈಗೆ ಕೊಟ್ಟರು. ನಾನು ಅದನ್ನು ಹಿಡಿದು ಸಾಲಿನಲ್ಲಿ ಅವ್ವನ ಹಿಂದೆ ನಿಂತೆ. ಸಾಲು ಸರಿಯಿತು. ಬಾಗಿಲು ಕಂಡಿತು. ಶಾಯಿಯ ಸೀಸೆ ಕಂಡಿತು. ಸಹಿ ಮಾಡುವಾಗ ಭಾಗ್ಯಶ್ರೀ ಎಂದು ಬರೆಯಬೇಕು ಎಂಬುದು ಹೊಳೆದಾಗ ನನಗೆ ಕಾನೂನಿನ ನೆನಪಾಗಲಿಲ್ಲ. ಅವಳ ಒಂದು ಮತವನ್ನು ಆಗಲೇ ಇಸಿದುಕೊಂಡಿದ್ದೇನೆ, ಇದು ಎರಡನೆಯದಾಗುತ್ತದೆ ಎನ್ನಿಸಿತು. ಸಾಲಿನಿಂದ ಹೊರಗೆ ಬಂದು ಚೀಟಿಯನ್ನು ಕಾಕಾ ಅವರ ಮೇಜಿನ ಮೇಲಿಟ್ಟೆ. ಅವ್ವ ಒಬ್ಬಳೇ ಒಳಗೆ ಹೋಗಿ ಬಂದಳು. ಮನೆಗೆ ಬರುವ ದಾರಿಯಲ್ಲಿ ಶಾಯಿ ಹಚ್ಚಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ನಡೆದಳು. ನನಗೆ ನೋವಾಗಬಾರದೆಂದು.

ಇದರ ಮರುದಿನವೇ ತಮ್ಮ ಕಚೇರಿಗೆ ಬಂದವಳು ನಾನು. ತಾವು ಕೂರಿಸಿ ಚಹಾ ತರಿಸಿದಿರಿ, ಅದಕ್ಕೆ ಕೃತಜ್ಞಳು. "ಮೇಡಂ, ನೀವು ಇಲ್ಲಿನ ಸಾಮಾನ್ಯ ನಿವಾಸಿ ಅಲ್ಲ. ಕಾನೂನು ಹಾಗಿದೆ," ಎಂದಿರಿ. ಹಾಗಾದರೆ ತಂಗಿ ಎಂದು ಕೇಳಿದೆ. ತಾವು ಗುಮಾಸ್ತರನ್ನು ಕರೆಸಿದಿರಿ. ಹೋದ ವರ್ಷ ಮನೆಮನೆಗೆ ಬಂದು ಪರಿಶೀಲಿಸಿದವರು ಅವರೇ. "ಇವರ ತಾಯಿ ಹೇಳಿದ್ರು ಸರ್. ದೊಡ್ಡಾಕಿ ಸಿಂಗಾಪುರದಾಗ ಅದಾಳ, ಸಣ್ಣಾಕಿ ಬಾಣಂತನಕ್ಕ ಬರಾಕಿ ಅದಾಳ ಅಂತ. ಬರಾಕಿ ಅಂದ ಮ್ಯಾಲೆ ಹೆಂಗ ತಗೀಲಿ?" ತಂಗಿ ಬಾಣಂತನಕ್ಕೆ ಬರಲಿಲ್ಲ, ವಿಮಾನ ಹತ್ತಬೇಡಿ ಎಂದು ಅಲ್ಲಿನ ವೈದ್ಯರು ತಡೆದರು. ಆದರೂ ತಮ್ಮ ಇಲಾಖೆಯ ಕಣ್ಣಿನಲ್ಲಿ ಅವಳು ಇವತ್ತಿಗೂ ದಾರಿಯಲ್ಲಿದ್ದಾಳೆ. ಮತ ಹಾಕಲೆಂದೇ ಬಂದು ಎದುರು ಕೂತ ನಾನು ಊರು ಬಿಟ್ಟವಳು, ಬಾರದೇ ಹೋದವಳು ಊರಿನವಳು. ಎದ್ದು ಹೊರಡುವಾಗ ತಾವು ಬಾಗಿಲವರೆಗೆ ಬಂದು, ತಮ್ಮ ಅಳಿಯಂದಿರಿಗೆ ಸಿಂಗಾಪುರದ ಸೆಂಬವಾಂಗ್‌ನ ಹಡಗುಕಟ್ಟೆಯಲ್ಲಿ ಏನಾದರೂ ಅವಕಾಶವಿದೆಯೇ ಎಂದು ವಿಚಾರಿಸಿದಿರಿ. ಖಂಡಿತ ವಿಚಾರಿಸುತ್ತೇನೆ. ಕೆಲಸ ಸಿಕ್ಕಿದ ದಿನ ಅವರ ಹೆಸರಿನ ಮೇಲೆ ಗೆರೆ ಎಳೆಯುವುದು ತಾವೋ, ತಮ್ಮ ಗುಮಾಸ್ತರೋ?

ಸಿಂಗಾಪುರಕ್ಕೆ ಮರಳಿದ ಮೇಲೆ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ನಿನ್ನ ಹೆಸರನ್ನೂ ತೆಗೆಯಲಿ ಎಂದು ಬಹಿರಂಗವಾಗಿ ಬರೆಯುತ್ತೇನೆ ಎಂದೆ. ಹಿಂದಿನಿಂದ ಮಗು ಅಳುವುದು ಕೇಳಿಸುತ್ತಿತ್ತು.

"ಬ್ಯಾಡ ಅಕ್ಕಾ," ಎಂದಳು. "ಇಲ್ಲಿ ಎರಡಲ್ಲ, ಹತ್ತು ವೋಟು ಕೊಟ್ರೂ ನಾ ಇಲ್ಲಿಯಾಕಿ ಅನ್ನಿಸೂದಿಲ್ಲ. ಅಲ್ಲಿ ಅವ್ವನ ಕೆಳಗ ನನ್ನ ಹೆಸರು ಅದ ಅಂದ್ರ ಏನೋ ಒಂದು ಧೈರ್ಯ. ಇರಲಿ ಬಿಡು."

ಎರಡು ದೇಶಗಳಲ್ಲಿ ಹೆಸರಿದ್ದವಳೂ ಕೇಳುತ್ತಿರುವುದು ನಾನು ಕೇಳುತ್ತಿರುವುದನ್ನೇ. ಇದರಿಂದ ನನ್ನ ಹೊಟ್ಟೆಕಿಚ್ಚು ಆರಿತೆಂದು ತಿಳಿಯಬೇಡಿ. ಅದು ಹಾಗೇ ಇದೆ. ಅದರ ಪಕ್ಕದಲ್ಲಿ ಇನ್ನೊಂದು ಸಂಕಟವೂ ಬಂದು ಕೂತಿದೆ, ಅಷ್ಟೆ.

ಹೊರದೇಶದಲ್ಲಿರುವ ನಾಗರಿಕರಿಗೆ ಮತ ಕೊಡುವ ಮಾತು ದಿಲ್ಲಿಯಲ್ಲಿ ನಡೆದಿದೆಯೆಂದು ಓದಿದ್ದೇನೆ. ಅದು ಕಾನೂನಾಗುವ ದಿನ ಮೊದಲ ಅರ್ಜಿ ನನ್ನದು. ಅಲ್ಲಿಯವರೆಗೆ ತಮ್ಮ ಕೈಯಲ್ಲಿರುವಷ್ಟನ್ನು ಕೇಳುತ್ತೇನೆ. ಒಂದೇ ನಿಯಮವನ್ನು ಇಬ್ಬರಿಗೂ ಅನ್ವಯಿಸಿ. ಇಬ್ಬರೂ ಇರಲಿ, ಇಲ್ಲವೇ ಇಬ್ಬರೂ ಹೋಗಲಿ. ಎರಡನೆಯದೇ ಆದರೆ ತಂಗಿಯ ಸಿಟ್ಟನ್ನು ನಾನು ಹೊತ್ತುಕೊಳ್ಳುತ್ತೇನೆ. ಈಗಿರುವ ತಮ್ಮ ಪಟ್ಟಿಯನ್ನು ಯಾರಾದರೂ ತೆರೆದು ನೋಡಿದರೆ, ನಮ್ಮ ಅವ್ವನಿಗೆ ಇರುವುದು ಒಬ್ಬಳೇ ಮಗಳು.

ಇಂತಿ,
ಅನ್ನಪೂರ್ಣವ್ವನ ಹಿರಿಯ ಮಗಳು,
ಯಾವ ಊರಿನ ಸಾಮಾನ್ಯ ನಿವಾಸಿಯೂ ಅಲ್ಲದ
ಸುರೇಖಾ
ವುಡ್‌ಲ್ಯಾಂಡ್ಸ್, ಸಿಂಗಾಪುರ
ಜೂನ್ 2008